ಮನೆ ಫ್ರೀ, ಸೈಟಿಗೆ ಮಾತ್ರ ದುಡ್ಡು

"ಸೈಟ್ ರೇಟಿಗೇ ಕೊಡ್ತಿದಾರೆ ಸಾರ್. ಮನೆ ಫ್ರೀ ಅಂತ ಇಟ್ಕೊಳ್ಳಿ."

2018ರಲ್ಲಿ ಮನೆ ಹುಡುಕುತ್ತಾ ಬೆಂಗಳೂರು ಸುತ್ತುವಾಗ ಬ್ರೋಕರ್ ಒಬ್ಬರು ಹೇಳಿದ ಮಾತು ಇದು. ಆಮೇಲೆ ಇನ್ನೂ ಮೂರ್ನಾಲ್ಕು ಜನ ಇದನ್ನೇ ಹೇಳಿದರು. ಈ ಊರಿನಲ್ಲಿ ಮೂವತ್ತು ವರ್ಷ ಹಳೆಯ ಮನೆ ಕೊಳ್ಳಲು ಹೋದ ಯಾರನ್ನು ಬೇಕಾದರೂ ಕೇಳಿ, ಇದೇ ಲೆಕ್ಕ. ಸೈಟು 1,200 ಚದರಡಿ, ಚದರಡಿಗೆ ಇಷ್ಟು, ಗುಣಿಸಿ. ಅದರ ಮೇಲೆ ನಿಂತಿರುವ ಗೋಡೆ, ತಾರಸಿ, ಹೊನ್ನೆ ಮರದ ಬಾಗಿಲು, ಸಂಪು, ಹಿತ್ತಲಿನ ತೆಂಗಿನಮರ ಎಲ್ಲ ಬೋನಸ್ಸು. ಕೆಲವು ಕಡೆ ಬೋನಸ್ಸೂ ಅಲ್ಲ. ಕೆಡವೋ ಖರ್ಚಿಗೆ ಅಂತ ಕೊಳ್ಳುವವರೇ ಒಂದೆರಡು ಲಕ್ಷ ಚೌಕಾಶಿ ಮಾಡ್ತಾರೆ.

ಹಳ್ಳಿಯಲ್ಲಿ ಬೆಳೆದ ನನಗೆ ಇದು ತಲೆಕೆಳಗಾದ ಲೆಕ್ಕ. ನಮ್ಮದು ಅರಸೀಕೆರೆ ತಾಲ್ಲೂಕಿನ ಒಂದು ಸಣ್ಣ ಊರು. ಅಲ್ಲಿ ಊರೊಳಗಿನ ಜಾಗಕ್ಕೆ ಯಾರೂ ಬೆಲೆ ಕಟ್ಟಿದ್ದು ನಾನು ಕೇಳಿಲ್ಲ, ಕಟ್ಟುತ್ತಿದ್ದದ್ದು ಮನೆಗೆ. ತೊಲೆ ಎಷ್ಟು, ಕಂಬ ಯಾವ ಮರದ್ದು, ಮೇಲೆ ಮಂಗಳೂರು ಹೆಂಚೋ ನಾಡಹೆಂಚೋ, ಇದರ ಮೇಲೆ ಮನೆಯವರ ಯೋಗ್ಯತೆ ಅಳೆಯುತ್ತಿದ್ದರು. ಭೂಮಿ ಅಂದರೆ ಹೊಲ, ತೋಟ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನೋ ಗಾದೆಯಲ್ಲಿ ಕೂಡ ಕಷ್ಟ ಇರೋದು ಕಟ್ಟುವುದರಲ್ಲಿ. ಜಾಗ ಕೊಳ್ಳುವ ಕಷ್ಟ ಆ ಗಾದೆ ಕಟ್ಟಿದವರಿಗೆ ಇರಲಿಲ್ಲ ಅಂತ ಕಾಣುತ್ತೆ.

ಅಪ್ಪನಿಗೆ ಫೋನಿನಲ್ಲಿ "ಥರ್ಟಿ ಫಾರ್ಟಿ" ಅಂದೆ. "ಎಷ್ಟು ಗುಂಟೆ ಆಯ್ತೋ?" ಅಂದರು. ಅದುವರೆಗೆ ನಾನು ಆ ಲೆಕ್ಕ ಹಾಕಿರಲಿಲ್ಲ. ಒಂದು ಗುಂಟೆಗೆ 1,089 ಚದರಡಿ, ಒಂದು ಗುಂಟೆಗೆ 16 ಆಣೆ. ಅಲ್ಲಿಗೆ 30×40 ಸೈಟು ಅಂದರೆ ಒಂದು ಗುಂಟೆ ಒಂದೂವರೆ ಆಣೆ ಚಿಲ್ಲರೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಕಣನೇ ಎರಡು ಗುಂಟೆ ಐತಲ್ಲೋ" ಅಂದರು. ಬೆಲೆ ಹೇಳಿದ ಮೇಲೆ ಇನ್ನೂ ಹೆಚ್ಚು ಹೊತ್ತು ಸುಮ್ಮನಿದ್ದರು. ಮಾರನೇ ದಿನ ತಾವೇ ಫೋನ್ ಮಾಡಿ, ತೋಟದ ಪಕ್ಕದ ಅರ್ಧ ಎಕರೆ ಮಾರೋಣವಾ ಅಂದರು. ಆ ಇಪ್ಪತ್ತು ಗುಂಟೆ ಮಾರಿದರೆ ಬರುವ ದುಡ್ಡಿಗೆ ಇಲ್ಲಿ ಅಡುಗೆಮನೆಯಷ್ಟು ಜಾಗವೂ ಸಿಗುತ್ತಿರಲಿಲ್ಲ. ಬೇಡ ಅಂದೆ.

ಒಂದು ಗುಂಟೆ ನೆಲ ಇಲ್ಲಿ ಕೋಟಿ, ಅದರ ಮೇಲಿನ ಮನೆ ಸೊನ್ನೆ. ಈ ಲೆಕ್ಕ ಯಾವಾಗಿನಿಂದ ಶುರುವಾಯ್ತು ಅಂತ ಹುಡುಕುತ್ತಾ ಹೋದೆ. ಲೋನ್ ಸ್ಯಾಂಕ್ಷನ್ ಆಗುವ ತನಕ ಓದುವುದಕ್ಕೆ ಬೇಕಾದಷ್ಟು ಟೈಮಿತ್ತು.

ಹಳೇ ಪೇಟೆಯಲ್ಲಿ ಈ ಲೆಕ್ಕ ಇರಲಿಲ್ಲ. ಕೆಂಪೇಗೌಡರು 1537ರಲ್ಲಿ ಕಟ್ಟಿದ್ದು ಅಂತ ನಾವು ಹೇಳುವ ಊರಿನಲ್ಲಿ ಮನೆ ಅಂದರೆ ಕಸುಬಿನ ಜಾಗ. ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಅರಳೇಪೇಟೆ ಅನ್ನೋ ಹೆಸರುಗಳೇ ಹೇಳುತ್ತವೆ. ಮುಂದೆ ಅಂಗಡಿ ಅಥವಾ ಮಗ್ಗ, ಹಿಂದೆ ಒಲೆ, ಮೇಲೆ ಅಟ್ಟ. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ಕಸುಬು ಬಿಟ್ಟು ಮನೆಯನ್ನು ಮಾತ್ರ ಬೇರೆ ಮಾಡಿ ನೋಡುವ ಅಭ್ಯಾಸವೇ ಇರಲಿಲ್ಲ.

ಆ ಅಭ್ಯಾಸ ಮಾಡಿಸಿದ್ದು ಒಂದು ಕಾಯಿಲೆ. 1898ರ ಆಗಸ್ಟಿನಲ್ಲಿ ಹುಬ್ಬಳ್ಳಿ-ಧಾರವಾಡದ ಕಡೆಯಿಂದ ರೈಲಿನ ಹಾದಿಯಲ್ಲಿ ಪ್ಲೇಗು ಬೆಂಗಳೂರಿಗೆ ಬಂತು. ಇಲಿ ಬಿದ್ದ ಮನೆ ಖಾಲಿ ಮಾಡಿಸಿದರು, ಹೆಂಚು ತೆಗೆಸಿ ಬಿಸಿಲು ಬೀಳಿಸಿದರು, ಕೆಲವು ಮನೆಗಳನ್ನು ಕೆಡವಿಯೇ ಬಿಟ್ಟರು. ಜನ ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಹಳೇ ಮೈಸೂರಿನ ಹಳ್ಳಿಗಳಲ್ಲೂ ಇದೇ ಕಥೆ, ಪ್ಲೇಗಮ್ಮನ ಗುಡಿ ಇರುವ ಊರುಗಳು ಈಗಲೂ ಇವೆ. ಬಸವನಗುಡಿ, ಮಲ್ಲೇಶ್ವರದ ನಕ್ಷೆ ಅದಕ್ಕೆ ಕೆಲವು ವರ್ಷ ಮೊದಲೇ ತಯಾರಾಗಿತ್ತು. ಚಾಮರಾಜಪೇಟೆ 1892ರಷ್ಟು ಹೊತ್ತಿಗೇ ಶುರುವಾಗಿತ್ತು. ಆದರೆ ಪೇಟೆ ಬಿಟ್ಟು ಬಯಲಿಗೆ ಹೋಗಿ ಇರಿ ಅಂದರೆ ಯಾರು ಹೋಗುತ್ತಾರೆ? ಪ್ಲೇಗು ಬಂದ ಮೇಲೆ ಹೋದರು.

ನೇರ ರಸ್ತೆಗಳು, ಸುತ್ತಲೂ ಜಾಗ ಬಿಟ್ಟು ಕಟ್ಟಿದ ಮನೆ, ಗಾಳಿ ಬೆಳಕು, ಮನೆ ಹಿಂದೆ ಕಕ್ಕಸು ತೆಗೆಯುವವರು ಓಡಾಡಲು ಒಂದು ಗಲ್ಲಿ. ಈಗ ನಾವು ಸೆಟ್‌ಬ್ಯಾಕ್ ಅಂತ ಕರೆದು, ಆಮೇಲೆ ಅದನ್ನೂ ಸೇರಿಸಿ ಬಾಲ್ಕನಿ ಎಳೆಯುತ್ತೇವಲ್ಲ, ಆ ಜಾಗವನ್ನು ಬಿಡಿಸಿದ್ದು ಕಾಯಿಲೆಯ ಭಯ. ಸೈಟು ಹಂಚುವಾಗ ಜಾತಿ ನೋಡಿಯೇ ಹಂಚಿದರು, ಹಿಂದಿನ ಗಲ್ಲಿಯಲ್ಲಿ ಯಾರು ಬರಬೇಕು ಅನ್ನುವುದನ್ನೂ ಜಾತಿಯೇ ನಿರ್ಧರಿಸಿತು. ಹಳೇ ಮಲ್ಲೇಶ್ವರದ ಚೆಂದದ ಫೋಟೋಗಳನ್ನು ನೋಡುವಾಗ ನನಗೆ ಮಂಕಿ ಟಾಪ್ ಕಿಟಕಿಗಿಂತ ಮೊದಲು ಆ ಗಲ್ಲಿ ನೆನಪಾಗುತ್ತೆ. ಬಡಾವಣೆ ಅನ್ನುವ ಪದ ನಮ್ಮ ಬಾಯಿಗೆ ಬಂದದ್ದು ಆ ಕಾಲದಲ್ಲಿ. ಆದರೆ ಬಡಾವಣೆಗೆ ಹೋದವರ ತಲೆಯಲ್ಲಿ ಇದ್ದದ್ದು ಜೀವ ಉಳಿದರೆ ಸಾಕು ಅನ್ನುವ ಯೋಚನೆ. ಅಪ್ರಿಸಿಯೇಷನ್ ಅನ್ನೋ ಮಾತು ಇನ್ನೂ ಹುಟ್ಟಿರಲಿಲ್ಲ.

ಮುಂದಿನ ಐವತ್ತು ವರ್ಷ ಬೇಗ ದಾಟಿಸುತ್ತೇನೆ. 1945ರಲ್ಲಿ ಸಿಐಟಿಬಿ ಬಂತು, ಅಂದರೆ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು, ಹಾಕಿದವರು ಆಗಿನ ಗವರ್ನರ್ ಜನರಲ್ ರಾಜಾಜಿ. ಅಶೋಕ ಪಿಲ್ಲರ್ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತವರಿಗೆಲ್ಲ ಆ ಜಾಗ ಗೊತ್ತು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಕಾರ್ಖಾನೆ ಬಂತು, ಕಾರ್ಖಾನೆ ಹಿಂದೆ ನೌಕರರು ಬಂದರು, ನೌಕರರ ಹಿಂದೆ ಸೈಟಿನ ಅರ್ಜಿಗಳು ಬಂದವು. 1976ರಲ್ಲಿ ಸಿಐಟಿಬಿ ಹೋಗಿ ಬಿಡಿಎ ಆಯ್ತು. ನಾನು ಕೊಂಡ ಮನೆಯ ಕಥೆ ಶುರುವಾಗುವುದು ಇಲ್ಲಿಂದ.

ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವಿನ ಒಂದು ಬಿಡಿಎ ಬಡಾವಣೆ. ಮಾರುತ್ತಿದ್ದವರು ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಹಿರಿಯರು. ಅವರ ಫೈಲನ್ನು ವಕೀಲರಿಗೆ ಕೊಡುವ ಮುಂಚೆ ಎರಡು ರಾತ್ರಿ ಕೂತು ನಾನೇ ಓದಿದೆ. ಕೋಡ್ ರಿವ್ಯೂ ಮಾಡಿ ಮಾಡಿ ಬಂದ ಚಟ, ಹಿಂದಿನ ಕಮಿಟ್‌ಗಳನ್ನು ನೋಡದೆ ಸಮಾಧಾನ ಆಗುವುದಿಲ್ಲ. 1986ರ ಅಲಾಟ್‌ಮೆಂಟ್ ಪತ್ರ. ಅದರ ಹಿಂದೆ ಲೀಸ್ ಕಂ ಸೇಲ್ ಅಗ್ರಿಮೆಂಟ್. ಆಮೇಲೆ 1997ರ ಶುದ್ಧ ಕ್ರಯಪತ್ರ.

ಆ ಲೀಸ್ ಕಂ ಸೇಲ್ ಪತ್ರವನ್ನು ಎಲ್ಲರೂ ಒಮ್ಮೆ ಓದಬೇಕು. ಸೈಟನ್ನು ಬಿಡಿಎ ನಿಮಗೆ ಮಾರಿಲ್ಲ, ಹತ್ತು ವರ್ಷಕ್ಕೆ ಬಾಡಿಗೆಗೆ ಕೊಟ್ಟಿದೆ. ಈ ಹತ್ತು ವರ್ಷ ನೀವು ಇದನ್ನು ಮಾರುವಂತಿಲ್ಲ. ಗೊತ್ತು ಮಾಡಿದ ಅವಧಿಯೊಳಗೆ ಮನೆ ಕಟ್ಟಬೇಕು. ಬೆಂಗಳೂರಿನಲ್ಲಿ ಬೇರೆ ಸೈಟು ಮನೆ ಇಲ್ಲ ಅಂತ ಪ್ರಮಾಣ ಮಾಡಬೇಕು. ಷರತ್ತೆಲ್ಲ ಪಾಲಿಸಿದರೆ ಮಾತ್ರ ಕೊನೆಗೆ ಕ್ರಯಪತ್ರ. ಸೈಟನ್ನು ಹೂಡಿಕೆ ಮಾಡಿಕೊಳ್ಳಬೇಡಿ, ಅದರ ಮೇಲೆ ವಾಸ ಮಾಡಿ ಅಂತ ಸರ್ಕಾರ ಸ್ಟಾಂಪ್ ಪೇಪರಿನ ಮೇಲೆ ಬರೆಸಿಕೊಂಡ ಕಾಲ ಒಂದಿತ್ತು!

ಅದೇ ಕಾಲಕ್ಕೆ, ಅದೇ ಬಡಾವಣೆಯ ಮೂಲೆ ಸೈಟುಗಳನ್ನು ಅದೇ ಬಿಡಿಎ ಹರಾಜು ಹಾಕುತ್ತಿತ್ತು. ಅದಕ್ಕೆ 1984ರ ಪ್ರತ್ಯೇಕ ನಿಯಮಗಳೇ ಇವೆ. ರಸ್ತೆಯ ನಡುವಿನ ಸೈಟಿಗೆ ಅರ್ಜಿ, ಆದಾಯ ಪತ್ರ, ಎಷ್ಟನೇ ಸಲದ ಅರ್ಜಿ ಅನ್ನೋ ಲೆಕ್ಕ. ಮೂಲೆ ಸೈಟಿಗೆ ಯಾರು ಹೆಚ್ಚು ಕೂಗುತ್ತಾರೋ ಅವರಿಗೆ. ಹರಾಜಿನ ದುಡ್ಡಿನಿಂದ ಉಳಿದ ಸೈಟುಗಳ ಬೆಲೆ ಹಗುರಾಗುತ್ತೆ ಅನ್ನುವುದು ಇದರ ಸಮರ್ಥನೆ, ಅದರಲ್ಲಿ ನ್ಯಾಯವೂ ಇದೆ. ಆದರೆ ಹರಾಜಿನಲ್ಲಿ ಕೂಗಿದ ಬೆಲೆ ಇಡೀ ರಸ್ತೆಗೆ ಕೇಳಿಸುತ್ತೆ. ಮೂಲೆಗೆ ಅಷ್ಟಾದರೆ ನಮ್ಮದಕ್ಕೆ ಎಷ್ಟು ಅಂತ ಮಧ್ಯದ ಸೈಟಿನವರು ಲೆಕ್ಕ ಹಾಕದೆ ಇರುತ್ತಾರಾ? ಹತ್ತು ವರ್ಷ ಕಾಯಲಾರದವರು ಜಿಪಿಎ ಬರೆದುಕೊಟ್ಟು ಕೈ ಬದಲಿಸಿದರು. ಜಿಪಿಎ ಮೇಲೆ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಖಡಾಖಂಡಿತ ಹೇಳಿದ್ದು 2011ರಲ್ಲಿ. ಅಷ್ಟು ಹೊತ್ತಿಗೆ ಎಷ್ಟೋ ಸೈಟು ಮೂರು ನಾಲ್ಕು ಕೈ ದಾಟಿದ್ದವು.

ನಮ್ಮ ಮನೆಯವರು ಕಾದವರು. 1986ರಲ್ಲಿ ಅವರು ಸೈಟಿಗೆ ಕಟ್ಟಿದ ಪೂರ್ತಿ ಹಣ ನನ್ನ ಒಂದು ತಿಂಗಳ ಇಎಂಐಗಿಂತ ಕಡಿಮೆ. ಮನೆ ಕಟ್ಟಿದ್ದು 1989ರಲ್ಲಿ, ಪಿಎಫ್ ಅಡ್ವಾನ್ಸು ಮತ್ತು ಹೆಂಡತಿಯ ಬಳೆಯಿಂದ. "ಸೈಟು ಲಾಟ್ರಿ ಹೊಡೆದಂಗಪ್ಪ, ಮನೇನೇ ನಮ್ಮ ಬೆನ್ನು ಮುರೀತು" ಅಂದರು. ಅವರ ಲೆಕ್ಕ ನಮ್ಮೂರಿನ ಲೆಕ್ಕವೇ.

ಫೈಲಿನ ತಳದಲ್ಲಿ ಗೆಜೆಟ್ ಅಧಿಸೂಚನೆಯ ಒಂದು ಜೆರಾಕ್ಸ್ ಇತ್ತು. ಬಡಾವಣೆಗೆ ಭೂಸ್ವಾಧೀನ ಮಾಡಿಕೊಂಡಾಗಿನದು. ಅದರಲ್ಲಿ ಕಾಲಂಗಳು: ಸರ್ವೆ ನಂಬರು, ಖಾತೆದಾರರ ಹೆಸರು, ಅನುಭವದಾರರ ಹೆಸರು, ವಿಸ್ತೀರ್ಣ, ಭೂಮಿಯ ಬಗೆ, ಚೆಕ್ಕುಬಂದಿ. ನನ್ನ ಸೈಟು ಬೀಳುವ ಸರ್ವೆ ನಂಬರಿನ ಮುಂದೆ ಅಣ್ಣತಮ್ಮಂದಿರಿಬ್ಬರ ಹೆಸರು, 2 ಎಕರೆ 14 ಗುಂಟೆ, ಖುಷ್ಕಿ. ಖುಷ್ಕಿ ಅಂದರೆ ಮಳೆ ನಂಬಿದ ಹೊಲ, ರಾಗಿ ಅವರೆ ಬೆಳೆಯುವ ನೆಲ. ನಮ್ಮ ಪಹಣಿಯಲ್ಲೂ ಇದೇ ಪದ ಇದೆ.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಮಾಡೋಣ. 2 ಎಕರೆ 14 ಗುಂಟೆ ಅಂದರೆ 94 ಗುಂಟೆ, 1,02,366 ಚದರಡಿ. ರಸ್ತೆ, ಪಾರ್ಕು, ಸ್ಕೂಲಿನ ಜಾಗ ಅಂತ ಅರ್ಧ ಬಿಟ್ಟರೂ 42 ಸೈಟು. ಆ ಅಣ್ಣತಮ್ಮಂದಿರಿಗೆ ಸಿಕ್ಕ ಪರಿಹಾರ ಸೈಟಿನ ಲೆಕ್ಕದಲ್ಲಲ್ಲ, ಖುಷ್ಕಿ ಹೊಲದ ಲೆಕ್ಕದಲ್ಲಿ. 1894ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಮೊದಲ ಅಧಿಸೂಚನೆಯ ದಿನದ ಮಾರುಕಟ್ಟೆ ಬೆಲೆ. ಆ ಬೆಲೆ ಗೊತ್ತಾಗುವುದು ಅಕ್ಕಪಕ್ಕದ ಹೊಲಗಳು ಯಾವ ಮೊತ್ತಕ್ಕೆ ರಿಜಿಸ್ಟರ್ ಆಗಿವೆ ಅನ್ನುವುದರಿಂದ. ಸ್ಟಾಂಪ್ ಡ್ಯೂಟಿ ಉಳಿಸಲು ನಮ್ಮ ಜನ ಕ್ರಯಪತ್ರದಲ್ಲಿ ನಿಜವಾದ ಬೆಲೆ ಬರೆಸುವುದು ಅಪರೂಪ. ಹಾಗಾಗಿ ಪಕ್ಕದವನು ಉಳಿಸಿದ ನಾಲ್ಕು ಕಾಸಿನ ಸ್ಟಾಂಪ್ ಡ್ಯೂಟಿಗೆ ಇವನ ಹೊಲದ ಪರಿಹಾರ ಬಿತ್ತು. ಮೇಲೆ ಬಲವಂತವಾಗಿ ತೆಗೆದುಕೊಂಡದ್ದಕ್ಕೆ ಸಮಾಧಾನದ ಹಣ ಅಂತ ಶೇ 15, 1984ರ ತಿದ್ದುಪಡಿಯ ಮೇಲೆ ಶೇ 30. ಇತ್ತೀಚಿನ ಬಡಾವಣೆಗಳಲ್ಲಿ ದುಡ್ಡಿನ ಬದಲು ಅಭಿವೃದ್ಧಿಪಡಿಸಿದ ಜಾಗದಲ್ಲಿ ಶೇ 40 ಕೊಡುವ ಏರ್ಪಾಡು ಬಂದಿದೆ. 1980ರ ದಶಕದ ಅಣ್ಣತಮ್ಮಂದಿರಿಗೆ ಅದು ಸಿಗಲಿಲ್ಲ.

ಇವರೇನು ತಾವೇ ಮಾರಿಕೊಂಡು ಲಾಭ ಮಾಡಬಹುದಿತ್ತಲ್ಲ ಅಂತ ನನ್ನ ಟೀಮಿನ ಹುಡುಗನೊಬ್ಬ ಕೇಳಿದ. ಯಾರಿಗೆ ಮಾರಬೇಕು? 1961ರ ಭೂಸುಧಾರಣಾ ಕಾಯ್ದೆ ಮತ್ತು 1974ರ ತಿದ್ದುಪಡಿ ಉಳುವವನಿಗೆ ಭೂಮಿ ಕೊಟ್ಟವು, ದೊಡ್ಡ ಕೆಲಸ. ಅದೇ ಕಾಯ್ದೆ ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕೆ ಬಾಗಿಲು ಹಾಕಿತ್ತು. ಆ ಬಾಗಿಲು ತೆಗೆದದ್ದು 2020ರಲ್ಲಿ. ಅಲ್ಲಿಯ ತನಕ ಊರಿನ ದುಡ್ಡು ಹೊಲಕ್ಕೆ ಹೋಗಲು ಇದ್ದ ದಾರಿ ಮೂರು. ಡಿಸಿ ಕನ್ವರ್ಷನ್, ಭೂಸ್ವಾಧೀನ, ಇಲ್ಲದಿದ್ದರೆ ರೆವಿನ್ಯೂ ಸೈಟು. ಮೂರರಲ್ಲೂ ಹೊಲದ ಬೆಲೆಗೂ ಸೈಟಿನ ಬೆಲೆಗೂ ನಡುವೆ ಇರುವ ಆಳವಾದ ಕಂದಕದಲ್ಲಿ ಬೇರೆ ಯಾರೋ ನಿಂತಿರುತ್ತಾರೆ. ಬಿಡಿಎ ಬಡಾವಣೆಯಲ್ಲಿ ಕಂದಕದ ಲಾಭ ಅಲಾಟಿಗೆ ಹೋಯ್ತು, ಅಂದರೆ ನನಗೆ ಮಾರಿದ ಆ ಹಿರಿಯರಿಗೆ. ಗೃಹನಿರ್ಮಾಣ ಸಹಕಾರ ಸಂಘಗಳ ಎಷ್ಟೋ ಬಡಾವಣೆಗಳಲ್ಲಿ ದಲ್ಲಾಳಿಗೆ ಹೋಯ್ತು. ಎಚ್‌ಎಂಟಿ ನೌಕರರ ಸಂಘಕ್ಕಾಗಿ ಮಾಡಿದ ಭೂಸ್ವಾಧೀನವನ್ನು ಸುಪ್ರೀಂ ಕೋರ್ಟ್ 1995ರಲ್ಲಿ ರದ್ದು ಮಾಡಿದ್ದು, ಸ್ವಾಧೀನ ಮಾಡಿಸಿಕೊಡಲು ಮಧ್ಯವರ್ತಿಗೆ ಗುತ್ತಿಗೆ ಕೊಟ್ಟಿದ್ದರು ಅನ್ನೋ ಕಾರಣಕ್ಕೇ.

ಸೈಟಿಗೆ ಬೆಲೆ ಬಂದದ್ದು ಹೀಗೆ. ಆದರೆ ನನ್ನಂಥ ಸಂಬಳದವನು ಕೋಟಿ ರೂಪಾಯಿಯ ಮಾತಾಡುವಂತೆ ಆದದ್ದು ಸಾಲದಿಂದ. ನಮ್ಮ ತಂದೆಯ ತಲೆಮಾರಿನ ನೌಕರ ಮನೆ ಕಟ್ಟುತ್ತಿದ್ದದ್ದು ರಿಟೈರ್ ಆದ ಮೇಲೆ, ಗ್ರಾಚುಯಿಟಿ ಬಂದಾಗ. 1977ರಲ್ಲಿ ಎಚ್‌ಡಿಎಫ್‌ಸಿ ಹುಟ್ಟಿತು. ಹುಟ್ಟಿಸಿದ ಎಚ್. ಟಿ. ಪಾರೇಖ್ ತಾವೇ ಐಸಿಐಸಿಐನಿಂದ ನಿವೃತ್ತರಾದ ಮೇಲೆ ಈ ಕೆಲಸಕ್ಕೆ ಕೈ ಹಾಕಿದವರು. ಮುಂದೆ ಬರಲಿರುವ ಸಂಬಳವನ್ನು ನಂಬಿ ಇವತ್ತೇ ಮನೆಗೆ ಸಾಲ ಕೊಡುವುದು ಆಗ ಈ ದೇಶದಲ್ಲಿ ಹೊಸ ಮಾತು. 1990ರ ದಶಕದ ನಡುವಿನಲ್ಲಿ ಕೂಡ ಬಡ್ಡಿ ಶೇ 15ರ ಆಸುಪಾಸಿನಲ್ಲಿತ್ತು, ಸಾಲ ತೆಗೆಯುವವರಿಗೆ ಎದೆಗಾರಿಕೆ ಬೇಕಿತ್ತು. 2003-04ರ ಹೊತ್ತಿಗೆ ಅದು ಅರ್ಧಕ್ಕೆ ಇಳಿಯಿತು. ಬೆಂಗಳೂರಿನಲ್ಲಿ ಐಟಿ ಸಂಬಳ ಏರುತ್ತಿದ್ದದ್ದೂ ಆ ವರ್ಷಗಳಲ್ಲೇ. ಇಪ್ಪತ್ತೈದು ವರ್ಷದ ಹುಡುಗರು ಮನೆ ಸಾಲದ ಫಾರಂ ತುಂಬಲು ಶುರು ಮಾಡಿದರು. 2007ರಲ್ಲಿ ಬಿಬಿಎಂಪಿ ಆಗುವಾಗ 7 ನಗರಸಭೆ, 1 ಪುರಸಭೆ, 110 ಹಳ್ಳಿ ಒಟ್ಟಿಗೆ ಊರೊಳಗೆ ಬಂದವು. ಹೂಡಿಕೆ ಅನ್ನೋ ಮಾತು ಮನೆಗೆ ಅಂಟಿದ್ದು ಆಗ. ನಮ್ಮ ಕ್ಯಾಂಟೀನಿನಲ್ಲಿ ಮೊದಲ ಮಗುವಿನ ಹೆಸರಿಗಿಂತ ಮೊದಲ ಫ್ಲ್ಯಾಟಿನ ರೇಟು ಹೆಚ್ಚು ಚರ್ಚೆಯಾಗಿದ್ದು ನಾನು ಕಣ್ಣಾರೆ ನೋಡಿದ್ದೇನೆ.

ನನ್ನ ಲೆಕ್ಕ ಬಿಚ್ಚಿಡುತ್ತೇನೆ. ಚದರಡಿಗೆ 9,000ದಂತೆ 1 ಕೋಟಿ 8 ಲಕ್ಷ. ಸ್ಟಾಂಪ್ ಡ್ಯೂಟಿ, ರಿಜಿಸ್ಟ್ರೇಷನ್ ಸೇರಿ ಆಗ ಶೇ 6.6, ಏಳು ಲಕ್ಷದ ಮೇಲೆ ಚಿಲ್ಲರೆ. ಸಾಲ 75 ಲಕ್ಷ, 20 ವರ್ಷ, ಬಡ್ಡಿ ಶೇ 8.5. ತಿಂಗಳಿಗೆ 65,087. ಮೊದಲ ವರ್ಷ ಕಟ್ಟುವ 7.81 ಲಕ್ಷದಲ್ಲಿ 6.32 ಲಕ್ಷ ಬಡ್ಡಿಗೇ ಹೋಗುತ್ತೆ. ಬಡ್ಡಿ ಹಾಗೇ ಇದ್ದರೆ 20 ವರ್ಷಕ್ಕೆ 1 ಕೋಟಿ 56 ಲಕ್ಷ. ಬಡ್ಡಿ ಹಾಗೇ ಇರುವುದಿಲ್ಲ, ಕೋವಿಡ್ಡಿನಲ್ಲಿ ಇಳಿಯಿತು, ಆಮೇಲೆ ಏರಿತು. ಇಳಿದಾಗ ಖುಷಿಪಟ್ಟೆವು, ಏರಿದಾಗ ಕೊನೆಯ ಕಂತಿನ ವರ್ಷ ಸದ್ದಿಲ್ಲದೆ ಮುಂದೆ ಹೋಯ್ತು. ಇದೇ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ಆಗ ತಿಂಗಳಿಗೆ 24,000. ಹಾಕಿದ ದುಡ್ಡಿಗೆ ವರ್ಷಕ್ಕೆ ಶೇ 2.7. ಬ್ಯಾಂಕಿನ ಉಳಿತಾಯ ಖಾತೆಗೂ ಇದಕ್ಕೂ ಹೆಚ್ಚು ದೂರವಿಲ್ಲ.

ಅಂದರೆ ಮನೆಯನ್ನು ಹೂಡಿಕೆ ಅಂತ ನೋಡಿದರೆ ಇದು ನಷ್ಟದ ಬಾಬತ್ತು. ಲಾಭ ಬಂದರೆ ಬರಬೇಕಾದದ್ದು ಆ ಒಂದು ಗುಂಟೆಯಿಂದ. ಪಕ್ಕದಲ್ಲಿ ಮೆಟ್ರೋ ಬಂದರೆ, ರಸ್ತೆ ಅಗಲ ಆದರೆ, ಇನ್ನೂ ನಾಲ್ಕು ಜನ ನನ್ನಂಥವರು ಇನ್ನೂ ದೊಡ್ಡ ಸಾಲ ತೆಗೆಯಲು ಸಿದ್ಧರಾದರೆ. ನಾನು ಏನೂ ಮಾಡಬೇಕಾಗಿಲ್ಲ. ಬ್ರೋಕರ್ ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ.

ಈ ಲೆಕ್ಕ ಪೂರ್ತಿ ನಂಬಿದವರು ಮಾಡುವ ಕೆಲಸ ಒಂದೇ, ಹಳೇ ಮನೆ ಕೆಡವುವುದು. ನಮ್ಮ ಸಾಲಿನಲ್ಲೇ 1980ರ ದಶಕದ ಮನೆ ಈಗ ಮೂರೋ ನಾಲ್ಕೋ ಉಳಿದಿವೆ. ಉಳಿದದ್ದೆಲ್ಲ ಸ್ಟಿಲ್ಟ್ ಮೇಲೆ ನಾಲ್ಕು ಮಹಡಿ, ಒಂದೆರಡು ಪಿಜಿ. 2007ರಲ್ಲಿ ಜಾರಿಗೆ ಬಂದ ಮಾಸ್ಟರ್ ಪ್ಲಾನಿನಲ್ಲಿ ನಮ್ಮಂಥ ರಸ್ತೆಯ 30×40ಗೆ ಎಫ್‌ಎಆರ್ 1.75, ಅಂದರೆ ಕಟ್ಟಬಹುದಾದದ್ದು 2,100 ಚದರಡಿ. ಬೀದಿಯಲ್ಲಿ ಕಟ್ಟಿರುವುದನ್ನು ಅಳೆದರೆ ಒಂದೊಂದೂ ಮೂರು ಸಾವಿರ ದಾಟುತ್ತೆ. ಈ ಹೆಚ್ಚುವರಿಯನ್ನು ಸಕ್ರಮ ಮಾಡುತ್ತೇವೆ ಅಂತ ಸರ್ಕಾರ 2007ರಲ್ಲಿ ಕಾನೂನು ತಂದಿತು. ಹೈಕೋರ್ಟ್ 2016ರಲ್ಲಿ ಒಪ್ಪಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಮೇಲೆ ಮಹಡಿ ಏರುತ್ತಲೇ ಇದೆ. ಪ್ಲೇಗಿನ ಕಾಲದಲ್ಲಿ ಬಿಟ್ಟ ಗಾಳಿಯ ಜಾಗವನ್ನು ಬಾಡಿಗೆಗೆ ಕೊಟ್ಟ ಹಾಗೆ ಆಯ್ತು.

ನಾವು ಕೆಡವಲಿಲ್ಲ. ಆದರ್ಶ ಅಂತೇನೂ ತಿಳಿಯಬೇಡಿ, ಇನ್ನೊಂದು ಐವತ್ತು ಲಕ್ಷ ಸಾಲ ಎಳೆಯುವ ಶಕ್ತಿ ಇರಲಿಲ್ಲ. ಆದರೆ ಮನೆ ಬಿಚ್ಚುತ್ತಾ ಹೋದಂತೆ ಒಬ್ಬ ನೌಕರ 1989ರಲ್ಲಿ ಎಲ್ಲೆಲ್ಲಿ ದುಡ್ಡು ಹಾಕಿದ್ದ, ಎಲ್ಲಿ ಕೈ ಹಿಡಿದಿದ್ದ ಅನ್ನೋದು ಗೊತ್ತಾಯ್ತು. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯ ಮೇಲೇ ತಾರಸಿ, ಪಿಲ್ಲರ್ ಇಲ್ಲ. ಹಾಗಾಗಿ ಹಾಲಿನ ಗೋಡೆ ಒಡೆದು ಓಪನ್ ಕಿಚನ್ ಮಾಡೋಣ ಅನ್ನೋ ನಮ್ಮ ಪಿಂಟರೆಸ್ಟ್ ಕನಸನ್ನು ಸ್ಟ್ರಕ್ಚರಲ್ ಎಂಜಿನಿಯರ್ ಒಂದೇ ನಿಮಿಷದಲ್ಲಿ ಮುಗಿಸಿದರು. ವೈರಿಂಗು ಮರದ ಪಟ್ಟಿಯ ಮೇಲೆ, ಕರೀ ಸ್ವಿಚ್ಚುಗಳು. ಎಸಿ ಬಿಡಿ, ಇಂಡಕ್ಷನ್ ಒಲೆಯನ್ನೂ ಅದು ತಡೆಯುತ್ತಿರಲಿಲ್ಲ. ಜಿಐ ಪೈಪಿನ ಒಳಗೆ ತುಕ್ಕು ಕಟ್ಟಿ ಬೆರಳು ತೂರದಷ್ಟು ಕಿರಿದಾಗಿತ್ತು. ಬಚ್ಚಲಲ್ಲಿ ಹಂಡೆ ಕೂರಿಸಿದ ಒಲೆ, ಹೊಗೆಗೊಂದು ಗೂಡು. ಹಾಲಿಗೆ ಮೊಸಾಯಿಕ್ಕು, ರೂಮುಗಳಿಗೆ ರೆಡ್ ಆಕ್ಸೈಡು. ಮುಂಬಾಗಿಲಿಗೆ ಮಾತ್ರ ಹೊನ್ನೆ, ಒಳಗಿನ ಬಾಗಿಲೆಲ್ಲ ಕಾಡುಮರ. ಬೀದಿಗೆ ಕಾಣುವಲ್ಲಿ ಖರ್ಚು, ಒಳಗೆ ಉಳಿತಾಯ. ನಮ್ಮೂರ ಮನೆಗಳಲ್ಲೂ ಕೆತ್ತನೆ ಇರುವುದು ಹೊಸ್ತಿಲ ಬಾಗಿಲಿಗೆ ಮಾತ್ರ.

ರೆಡ್ ಆಕ್ಸೈಡ್ ಒಡೆದು ವಿಟ್ರಿಫೈಡ್ ಟೈಲ್ಸ್ ಹಾಕುವುದು ಅಂತ ತೀರ್ಮಾನ ಆಗಿತ್ತು. ಮೇಸ್ತ್ರಿ ಯಾದಗಿರಿ ಕಡೆಯವರು, ನೆಲದ ಮೇಲೆ ಕೈ ಆಡಿಸಿ, "ಸರ್ರ, ನೆಲ ಚಲೋ ಐತ್ರಿ, ಒಡಿಬ್ಯಾಡ್ರಿ. ಇಂಥಾದ್ದು ತಿಕ್ಕವ್ರು ಈಗ ಯಾರ್ ಅದಾರ್ರಿ" ಅಂದರು. ಕೆಲಸ ಕಡಿಮೆಯಾಗಿ ಅವರಿಗೆ ಬರುವ ದುಡ್ಡೂ ಕಡಿಮೆಯಾಗುವ ಮಾತದು. ಎರಡು ರೂಮಿನಲ್ಲಿ ನೆಲ ಉಳಿಯಿತು. ಪೈಪಿಗೆ ಒಡೆದ ಕಡೆ ಹಾಕಿದ ತೇಪೆಯ ಬಣ್ಣ ಮಾತ್ರ ಇವತ್ತಿಗೂ ಸೇರಿಲ್ಲ. ಒಟ್ಟು ಖರ್ಚು 14 ಲಕ್ಷ, ಹೆಚ್ಚಿನದು ಕಣ್ಣಿಗೆ ಕಾಣದ ವೈರು, ಪೈಪು, ತಾರಸಿಯ ಸೋರಿಕೆಗೆ.

ಆ ಹದಿನಾಲ್ಕು ಲಕ್ಷದಿಂದ ಮನೆಯ ಬೆಲೆ ಎಷ್ಟು ಏರಿತು ಅಂತ ಅದೇ ಬ್ರೋಕರನ್ನು ಕೇಳಿದೆ. "ಸೈಟ್ ರೇಟೇ ಸಾರ್" ಅಂದರು, ಬೇಜಾರಿನಿಂದೇನೂ ಅಲ್ಲ. ಆದಾಯ ತೆರಿಗೆ ಕಾನೂನಿನದ್ದೂ ಇದೇ ಧಾಟಿ. ಹಳೇ ಪದ್ಧತಿಯಲ್ಲಿ ಸ್ವಂತ ವಾಸದ ಮನೆ ಕೊಳ್ಳಲು ತೆಗೆದ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದ ತನಕ ವಿನಾಯಿತಿ. ಇರುವ ಮನೆ ರಿಪೇರಿ ಮಾಡಲು ತೆಗೆದ ಸಾಲದ ಬಡ್ಡಿಗೆ 30,000. ಸಂಬಳದವನು ಯಾವ ಕಡೆ ವಾಲುತ್ತಾನೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹೊನ್ನೆ ಮರದ ಬಾಗಿಲುಗಳು ರಾಶಿ ರಾಶಿಯಾಗಿ ಹಳೇ ಮರದ ಅಂಗಡಿಗಳಿಗೆ ಹೋಗುತ್ತಿರುವುದು ಜನಕ್ಕೆ ಅಭಿರುಚಿ ಇಲ್ಲ ಅಂತಲ್ಲ, ಅಭಿರುಚಿಗೆ ಯಾವ ಕಾಲಂನಲ್ಲೂ ಜಾಗ ಇಲ್ಲ ಅಂತ.

ಅಪ್ಪ ಬಂದು ಒಂದು ವಾರ ಇದ್ದರು. ಕಾಂಪೌಂಡಿನ ಪಕ್ಕ ಮೂರಡಿ ಅಗಲದ ಮಣ್ಣು ಉಳಿದಿತ್ತು, ಕೆರೆದು ನೋಡಿ "ಕೆಮ್ಮಣ್ಣು, ಅವರೆ ಚೆನ್ನಾಗಿ ಬತ್ತದೆ" ಅಂದು ನಾಲ್ಕು ಕಾಳು ಊರಿಸಿದರು. ಗೆಜೆಟ್ಟಿನ ಕಾಲಂ ನೋಡಿದ್ದು ನಾನು, ಅವರು ನೋಡಿರಲಿಲ್ಲ.

ಬೆಂಗಳೂರಿನ ಯಾವ ಬಿಡಿಎ ಬಡಾವಣೆಯ ನಕ್ಷೆ ನೋಡಿದರೂ ನೇರ ಗೆರೆಗಳ ನಡುವೆ ಎಲ್ಲೋ ಒಂದು ಕಡೆ ಗಂಟು ಬಿದ್ದ ದಾರದಂತೆ ಒಂದು ಜಾಗ ಇರುತ್ತೆ. ಅದು ಹಳೇ ಊರು. ಹೊಲಗಳು ಸ್ವಾಧೀನಕ್ಕೆ ಹೋದರೂ ಗ್ರಾಮಠಾಣ ಉಳಿದುಕೊಂಡದ್ದು. ನಮ್ಮಲ್ಲೂ ಇದೆ, ಮೂರು ರಸ್ತೆ ಆಚೆ. ಕಾರು ತಿರುಗದ ಓಣಿ, ಹೊಸ್ತಿಲ ಪಕ್ಕದಲ್ಲೇ ಎಮ್ಮೆ ಕಟ್ಟುವ ಒಂದೆರಡು ಮನೆ, ಅರಳೀಕಟ್ಟೆ, ಮಾರಮ್ಮನ ಗುಡಿ. ಸೊಪ್ಪು, ಹಾಲು ನಾವು ಅಲ್ಲಿಂದಲೇ ತರುತ್ತೇವೆ. ಬೇಸಿಗೆಯಲ್ಲಿ ಮಾರಮ್ಮನ ಹಬ್ಬ. ಹೆಂಗಸರು ತಂಬಿಟ್ಟಿನ ಆರತಿ ಹೊತ್ತು, ತಮಟೆಯ ಹಿಂದೆ ಬರುತ್ತಾರೆ. ಮೆರವಣಿಗೆ ನಮ್ಮ ಕ್ರಾಸಿನೊಳಗೂ ಬರುತ್ತೆ, ಇಲ್ಲಿ ಗುಡಿ ಕಟ್ಟೆ ಏನೂ ಇಲ್ಲದಿದ್ದರೂ. ಮೊದಲ ವರ್ಷ ಯಾಕೆ ಅಂತ ಆರತಿ ಹೊತ್ತ ಅಜ್ಜಿಯೊಬ್ಬರನ್ನು ಕೇಳಿದೆ. "ನಮ್ಮ ಹೊಲದ ದಾರಿ ಕಣಪ್ಪ ಇದು" ಅಂದು, ನಮ್ಮ ಗೇಟಿನ ಮುಂದೆ ನೀರು ಹಾಕಿಸಿಕೊಂಡು ಮುಂದೆ ಹೋದರು.